ನಂಗು ಮೀನಿನ ಕಣ್ಣು

ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮೀನು ತಿಂದಿರಲಿಲ್ಲ. ನಮ್ಮ ಕಡೆ ಸೂತಕ ಕಳೆದ ಹೆಣ್ಣಿಗೆ ಮೊದಲ ಮೀನೂಟ ತವರಿನವರೇ ಬಡಿಸಬೇಕು. ಅದಕ್ಕೆಂದೇ ಮದ್ರಾಸಿನ ರೈಲ್ವೆಯಲ್ಲಿರುವ ತಮ್ಮ ಕರೆಸಿಕೊಂಡಿದ್ದಾನೆ. ತಿನ್ನಲಾದೀತೇ ಎಂಬ ಅಳುಕಿನಲ್ಲೇ ಬೆಳಿಗ್ಗೆ, ಪ್ರಾಣಿಶಾಸ್ತ್ರ ಓದುವ ಅವನ ಮಗಳೊಂದಿಗೆ ಕಡಲ ದಂಡೆಗೆ ಹೋದೆ.

ಬಲೆಯಿಂದ ಜಾರಿದ ಚಪ್ಪಟೆ ನಂಗು ಮೀನೊಂದು ತೆಳುನೀರಿನಲ್ಲಿ ಮೈಯಂಚು ಅಲುಗಿಸಿ ಮೇಲೆ ಮರಳು ಎಳೆದುಕೊಂಡಿತು. ಒಂದೇ ಪಕ್ಕದ ಎರಡು ಕಣ್ಣುಗಳಷ್ಟೇ ಹೊರಗುಳಿದವು. ಎಷ್ಟೋ ನಂಗು ಹುರಿದಿದ್ದೇನೆ, ಜೀವಂತ ನೋಡಿದ್ದು ಇದೇ ಮೊದಲು.

"ಪಾರುಂಗೊ, ನೋಡಿ ಅತ್ತೆ, ಮರಿಯಲ್ಲಿ ಎರಡೂ ಕಡೆ ಕಣ್ಣು. ಬೆಳೀತಾ ಒಂದು ಈಚೆ ಸರಿಯತ್ತೆ. ತಳದಲ್ಲಿ ಮಲಗೇ ಇರತ್ತಲ್ಲ!"

"ಭಾನುವಾರ ನಿನ್ನ ಮಾವನೂ ಹೀಗೇ. ಮಲಗಿದ್ರೂ ಎರಡೂ ಕಣ್ಣು ಅಡುಗೆಮನೆ ಕಡೆ," ಎಂದೆ.

ಇಬ್ಬರೂ ನಕ್ಕೆವು. ಮಧ್ಯಾಹ್ನ ತಮ್ಮ ಬಡಿಸಿದ ನಂಗು ತಿಂದು, "ಇನ್ನೊಂದು ಹಾಕೋ," ಎಂದೆ.