ರಸೀಲಾಬೆನ್‌ನ ಅರ್ಧ ಖಾಖ್ರಾ

ಮುಂಬಯಿಯ ನಮ್ಮ ಘಾಟ್‌ಕೋಪರ್ ಕಟ್ಟಡದ ಮೂರನೇ ಮಾಳಿಗೆ ರಸೀಲಾಬೆನ್ ತೂಕ ಇಳಿಸೋ ಚೆಂದಾನ ನೀ ನೋಡ್ಬೇಕು ಮಗಾ. ಮಂಡಿ ನೋವಿಗೆ ಮೈ ಇಳಿಸಿ ಅಂತ ಡಾಕ್ಟರು ಅಂದಿದ್ದೇ ತಡ, ಬೆಳಿಗ್ಗೆ ಹಪ್ಪಳದಂಥ ಒಣರೊಟ್ಟಿ, ಅದೇ ಖಾಖ್ರಾ, ಅರ್ಧ, ಸಂಜೆ ಹೆಸರುಬೇಳೆ ಕಟ್ಟು, ಅಷ್ಟೇ. ಮೊದಲು ಸರ್ರಂತ ಇಳೀತಾಳೆ, ರವಿಕೇನೂ ಬಿಗಿ ಮಾಡಿ ಹೊಲೀತಾಳೆ, ಆಮೇಲೆ ತೂಕದ ಮುಳ್ಳು ನಿಂತೇಬಿಡುತ್ತೆ. ಮೈ ಅನ್ನೋದು ಬರಗಾಲ ಕಂಡ ಅತ್ತೆ ಇದ್ದಂಗೆ ನೋಡು, ಕಮ್ಮಿ ಕೊಟ್ರೆ ಒಲೆ ಉರಿ ತಗ್ಗಿಸಿ ಕಮ್ಮೀಲೇ ಸಂಸಾರ ತೂಗಿಸುತ್ತೆ. ಅದಕ್ಕೇ ಅವಳಿಗೆ ಮೇ ತಿಂಗಳಲ್ಲೂ ಚಳಿ, ಹೆಗಲ ಮೇಲೆ ಶಾಲು. ಆಮೇಲೊಂದಿನ ತುಪ್ಪದ ರೋಟ್ಲಿ ಸಿಕ್ತೋ, ನಾಳೆಗಿರಲಿ ಅಂತ ಆ ಮೈ ಸೊಂಟದಲ್ಲಿ ಬಚ್ಚಿಟ್ಕೊಳ್ಳುತ್ತೆ. ಹೋದ ನಾಲ್ಕು ಕಿಲೋ ದೀಪಾವಳಿಗೆ ಐದಾಗಿ ವಾಪಸ್ಸು. "ಸಾಕು ಮಾಡೇ, ಇಳಿಯೋದಕ್ಕಿಂತ ಏರೋದೇ ಜಾಸ್ತಿಯಾಯ್ತು" ಅಂತ ನಾನಂದ್ರೆ, "ಸೋಮವಾರದಿಂದ ಮತ್ತೆ ಶುರು, ಮಾಸಿ" ಅಂತಾಳೆ. ನಮ್ಮದು ಜೈನರ ಕಟ್ಟಡ ನೋಡು, ಊಟ ಬಿಟ್ಟೋರನ್ನ ಕಂಡ್ರೆ ಉಪವಾಸ ವ್ರತ ಅಂದ್ಕೊಂಡು ಎಲ್ಲಾರೂ ಬಾಗಿಲಿಗೆ ಬಂದು ಕೈಮುಗೀತಾರೆ, "ಶಾತಾ ಇದೆಯಾ ಬೆನ್, ಮೈಗೆ ನೆಮ್ಮದಿಯಾ, ಸುಸ್ತಿಲ್ಲ ತಾನೆ?" ಅಂತಾರೆ. ವ್ರತ ಅಲ್ಲ ಅನ್ನೋ ಮಾತನ್ನ ನುಂಗ್ಕೊಂಡು ಅವಳು ಅವರಿಗೆ ಕುರ್ಚಿ ಎಳೀತಾಳೆ. ಗಂಡ ಹೋಗಿ ಆರು ವರ್ಷ ಆಯ್ತಲ್ಲ, ಹೊಟ್ಟೆ ತುಂಬ ಉಂಡ ದಿನ ಆ ಬಾಗಿಲು ತಟ್ಟೋರೇ ಇಲ್ಲ.