ಗಿಯರ್ ಇಲ್ಲದ ಕಾರು, ಗುರುವಾರದ ದಾರಿ

ಗಿಯರ್ ಬದಲಿಸುವ ಗೋಜಿಲ್ಲದ ಕಾರನ್ನು ನಾನು ಕೊಂಡದ್ದು ಶೋಕಿಗಲ್ಲ. ನನ್ನ ಹೆಂಡತಿಗೆ ಚಿಕ್ಕಂದಿನಿಂದಲೂ ಎಡಗಾಲಿನಲ್ಲಿ ಬಲವಿರಲಿಲ್ಲ. ಕ್ಲಚ್ ಒತ್ತುವುದು ಅವಳಿಂದಾಗದು. ಅವಳ ತವರು ಗಳಗನಾಥ. ಅಲ್ಲಿ ಹಾಸಿಗೆ ಹಿಡಿದಿದ್ದ ತಾಯಿಗೆ ವಾರಕ್ಕೊಮ್ಮೆ ತಲೆ ಎರೆದು, ಸೊಂಟ ದಾಟುವ ಕೂದಲಿನ ಸಿಕ್ಕು ಬಿಡಿಸಿ ಜಡೆ ಹಾಕುವುದು ಇವಳ ಕೆಲಸ. ಮನೆ ತುಂಬ ಜನರಿದ್ದರೂ ಆಕೆ ಬೇರೆ ಯಾರಿಗೂ ತಲೆ ಮುಟ್ಟಗೊಡುತ್ತಿರಲಿಲ್ಲ.

ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಪೇಟೆ ದಿನ ಅಲ್ಲಾಡುವಂತಿಲ್ಲ, ಉಳಿದ ದಿನ ಹಳ್ಳಿ ತಿರುಗಾಟ. “ನಿಮ್ಮ ಪುರಸೊತ್ತಿನ ಮ್ಯಾಲೆ ನಮ್ಮವ್ವನ ಜಳಕ ನಿಂತೈತ್ರಿ” ಎಂದು ಅವಳು ಒಮ್ಮೆ ಅಂದದ್ದು ಮನಸ್ಸಿಗೆ ನಾಟಿತು. ಎರಡು ಸಾವಿರದ ಆರನೇ ಇಸವಿಯ ಸುಮಾರಿಗೆ ಹುಬ್ಬಳ್ಳಿಯ ಡಾಕ್ಟರರೊಬ್ಬರ ಗಾಡಿಯನ್ನು ಎರಡು ಮುಂಜಾನೆ ಕೂತು ಚೌಕಾಶಿ ಮಾಡಿ ತಂದೆ. ಅದರೊಳಗೆ ಹಲ್ಲಿನ ಗಿಯರುಗಳ ಬದಲು ಎರಡು ಗಾಲಿ, ಅವುಗಳಿಗೆ ಸುತ್ತಿದ ಒಂದು ಉಕ್ಕಿನ ಪಟ್ಟಿ. ಹಿಟ್ಟಿನ ಗಿರಣಿಯ ಪಟ್ಟಿ ನೋಡಿದವರಿಗೆ ಅರ್ಥವಾಗುತ್ತದೆ; ಇಲ್ಲಿ ಆ ಗಾಲಿಗಳೇ ಹಿಗ್ಗಿ ಕುಗ್ಗಿ ವೇಗ ಬದಲಿಸುತ್ತವೆ. ಎಡಗಾಲಿಗೆ ಕೆಲಸವೇ ಇಲ್ಲ. ಪೇಟೆ ಇಲ್ಲದ ದಿನ ಮಾರುಕಟ್ಟೆಯ ಬಯಲಿನಲ್ಲಿ ಕಲಿತಳು. ಆಮೇಲೆ ಗುರುವಾರ ಬಂತೆಂದರೆ ಮೋಟೆಬೆನ್ನೂರು, ಹಾವೇರಿ ದಾಟಿ ಒಬ್ಬಳೇ ಹೋಗಿ ಬರುತ್ತಿದ್ದಳು.

ಗಿಯರ್ ಬಾಕ್ಸಿನ ಎಣ್ಣೆ ಬದಲಿಸುವ ಹೊತ್ತು ಬಂತು. ಹುಬ್ಬಳ್ಳಿಯ ಷೋರೂಮಿನವರು ತಮ್ಮದೇ ಎಣ್ಣೆ ಹಾಕಬೇಕೆಂದರು, ರೇಟಿನಲ್ಲಿ ಪೈಸೆ ಬಿಡಲಿಲ್ಲ. ಬಿಡದವನ ಹತ್ತಿರ ಕೊಳ್ಳುವುದೆಂದರೆ ನಮ್ಮ ಪೇಟೆಯಲ್ಲಿ ಸೋತ ಹಾಗೆ. ರಾಣೆಬೆನ್ನೂರಿನ ಅಂಗಡಿಯೊಂದರಲ್ಲಿ ಬೇರೆ ಜಾತಿಯ ಆಟೋಮ್ಯಾಟಿಕ್ ಗಾಡಿಗಳ ಕೆಂಪು ಎಣ್ಣೆ ಸಿಕ್ಕಿತು. ಅದನ್ನೇ ಅಲ್ಲಿನ ಮಿಸ್ತ್ರಿಯ ಮುಂದಿಟ್ಟೆ.

“ಸಾವಕಾರ್ರ, ಗಾಡಿ ಪುಸ್ತಕದಾಗ ಬ್ಯಾರೆ ಎಣ್ಣಿ ಬರದಾರ್ರಿ.”

“ಪುಸ್ತಕ ಬರದಾಂವನೇ ಎಣ್ಣಿ ಮಾರಾಂವ. ಹಾಕೋ ಮಾರಾಯ.”

“ಹಾಕ್ತೀನ್ರಿ. ನಾಳೆ ನನ್ನ ಕೊರಳಿಗೆ ಕಟ್ಟಬ್ಯಾಡ್ರಿ ಮತ್ತ.”

ಒಂದು ತಿಂಗಳಿಗೆ ಹೆಂಡತಿ ಹೇಳಿದಳು: “ಬ್ರೇಕ್ ಬಿಟ್ಟು ಹೊಂಡೂಮುಂದ ಗಾಡಿ ಗಡಗಡ ನಡಗತೈತ್ರಿ.”

ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಗಾಡಿ ಅಲ್ಲ, ನಿನ್ನ ಕಾಲು ನಡಗತೈತಿ. ಧೈರ್ಯ ಮಾಡಿ ಒತ್ತು.”

ಅವಳು ತನ್ನ ಬಲಗಾಲನ್ನು, ಗಟ್ಟಿಯಿದ್ದ ಕಾಲನ್ನು, ನೋಡಿಕೊಂಡಳು. ಮುಂದಿನ ಗುರುವಾರ ಕೀಲಿಕೈ ಗೋಡೆಯ ಮೊಳೆಯಲ್ಲೇ ಇತ್ತು. ಹೀಗೆ ಐದು ಗುರುವಾರ ಹೋದವು. ನಾನು ಕೇಳಲಿಲ್ಲ, ಸೀಸನ್ನಿನ ಗಡಿಬಿಡಿ.

ಆರನೆಯ ವಾರ ಕುಪ್ಪೇಲೂರಿಗೆ ಮಾಲು ನೋಡಲು ಹೋಗಬೇಕಾಗಿ ಆ ಕಾರನ್ನೇ ತೆಗೆದೆ. ಓಣಿಯ ತಿರುವಿನಲ್ಲಿ ನಿಂತು ಹೊರಡುವಾಗ ನನ್ನ ಕಾಲ ಕೆಳಗೇ ಅದು ನಡುಗಿತು. ಸೀಟು, ಸ್ಟಿಯರಿಂಗ್, ಎಲ್ಲ. ಮಾಲು ನೋಡುವುದನ್ನು ಬಿಟ್ಟು ನೇರ ಮಿಸ್ತ್ರಿಯ ಹತ್ತಿರ ಹೋದೆ. ಅವನು ಎಣ್ಣೆ ಇಳಿಸಿ ಬೆರಳಿನಲ್ಲಿ ತಿಕ್ಕಿ ನೋಡಿದ. “ಕಾಲಿಲೆ ಒತ್ತೂದು ಇಲ್ಲಂದ್ರೂ ಒಳಗ ಒಂದು ಕ್ಲಚ್ ಐತ್ರಿ. ಆ ಕ್ಲಚ್ಚಿಗೆ ಈ ಎಣ್ಣ್ಯಾಗ ಹಿಡತ ಸಿಗವಲ್ದು. ಅದಕ್ಕ ಒದ್ದಾಡತೈತಿ” ಎಂದನಷ್ಟೆ. ಅಂದೇ ಹುಬ್ಬಳ್ಳಿಗೆ ಹೋಗಿ, ರೇಟು ಕೇಳದೆ, ಪುಸ್ತಕದಲ್ಲಿದ್ದ ಎಣ್ಣೆ ತಂದೆ. ಹಳೆಯ ಎಣ್ಣೆಯ ಪಸೆ ಹೋಗಲೆಂದು ಎರಡು ಸಲ ಹಾಕಿ ಇಳಿಸಿ, ಮೂರನೆಯ ಸಲ ಹಾಕಿದ ಮೇಲೆ ನಡುಕ ನಿಂತಿತು.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ: “ಖರೇ ಹೇಳ್ರಿ. ನನ್ನ ಕಾಲಿಂದ ಏನೂ ಇಲ್ಲ?”

“ಇಲ್ಲ. ಎಲ್ಲಾ ನಂದ.”

ಆ ಗುರುವಾರ ಹೋದಳು. ಸಂಜೆ ಬಂದವಳು ಕೀಲಿಕೈಯನ್ನು ಮೊಳೆಗೆ ಹಾಕದೆ ಕೈಯಲ್ಲೇ ಹಿಡಿದು ಕೂತಳು.

“ಅವ್ವನ ಕೂದಲಾ ಕತ್ತರಿಸ್ಯಾರ್ರಿ. ಜಡಿ ಗಂಟಾಗಿತ್ತಂತ, ಬಿಡಸಾಕ ಬರಲಿಲ್ಲಂತ.”

ಕತ್ತರಿ ಹಿಡಿದದ್ದು ಇವಳ ತಮ್ಮನ ಹೆಂಡತಿ; ಆಕೆಯದು ತಪ್ಪೆನ್ನಲು ಬರುವುದಿಲ್ಲ. ಐದು ವಾರ ಯಾರೂ ಎರೆಯದ ತಲೆ. ಆದರೆ ನಮ್ಮ ಮಾವನವರು ಇನ್ನೂ ಇದ್ದರು. ತಲೆಗೆ ಕತ್ತರಿ ಬೀಳುವುದು ಗಂಡ ಸತ್ತವಳಿಗೆ ಎಂದು ನಂಬಿದ ಕಾಲದ ಹೆಂಗಸು ನಮ್ಮ ಅತ್ತೆ.

“ಇಷ್ಟು ದಿನ ಯಾಕ ಬರಲಿಲ್ಲಂತ ನಿಮ್ಮವ್ವ ಕೇಳಿದ್ಲೇನು?”

“ಕೇಳಿದ್ಲು. ಕಾಲು ನೋಯ್ತಿತ್ತು ಅಂದೆ.”

ಇಂಥ ಗಾಡಿ ಕೊಳ್ಳುವವರು ಈಗಲೂ ನನ್ನನ್ನು ಕೇಳಲು ಬರುತ್ತಾರೆ. ಗಾಡಿಯನ್ನು ಮನಸೋಕ್ತ ಚೌಕಾಶಿ ಮಾಡಿ ಕೊಳ್ಳಿ, ಎಣ್ಣೆ ಮಾತ್ರ ಪುಸ್ತಕದಲ್ಲಿ ಬರೆದದ್ದೇ ಹಾಕಿ ಎನ್ನುತ್ತೇನೆ. ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಬೇಡಿ, ಒಳಗಿನ ಪಟ್ಟಿ ಕೆಡುತ್ತದೆ. ಮನೆಯವರು ನಡುಗುತ್ತದೆ ಎಂದರೆ, ಮಾತಾಡುವ ಮೊದಲು ನೀವೇ ಹೋಗಿ ಕೂತು ನೋಡಿ.

ಮರುವಾರವೂ ಅವಳು ಹೊರಟಳು. ಜಡೆ ಹಾಕಲು ಕೂದಲಿರಲಿಲ್ಲ. ಆದರೂ ಹಣಿಗೆಯನ್ನೂ ಕೊಬ್ಬರಿ ಎಣ್ಣೆಯ ಸೀಸೆಯನ್ನೂ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು, ಬ್ರೇಕ್ ಬಿಟ್ಟಳು.