ಇಡೀ ತರಗತಿ ಕೇಳಿಸಿಕೊಂಡ ತಪ್ಪೊಪ್ಪಿಗೆ

ನಿನ್ನೆ ಸಂಜೆ ಕಡೂರಿನ ಬಸ್ಸಿನಲ್ಲಿ ಯಾರದೋ ಮೊಬೈಲಿಗೆ ವಿಡಿಯೋ ಕಾಲ್ ಬಂತು. ಆ ರಾಗ ಕಿವಿಗೆ ಬಿದ್ದದ್ದೇ ತಡ, ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ನಗಬೇಡಿ. ಕೊರೊನಾ ಬಂದು ಶಾಲೆ ಮುಚ್ಚಿದ್ದಾಗ ಅಂಟಿಕೊಂಡ ಚಾಳಿ ಇದು.

ನಾನು ಕ್ರೈಸ್ತರ ಶಾಲೆಯೊಂದರಲ್ಲಿ ಕನ್ನಡ ಮೇಡಂ. ಶನಿವಾರ ಆಂಜನೇಯನಿಗೆ, ದಿನಾ ಬೆಳಗ್ಗೆ ಶಾಲೆಯಲ್ಲಿ ಯೇಸುವಿಗೆ ಕೈಮುಗಿಯುವವಳು. ಇಬ್ಬರೂ ಸೇರಿದರೂ ನನ್ನ ಮುಂಗೋಪ ಇಳಿಸಲಾಗಿರಲಿಲ್ಲ. ಅಂಥವಳ ತಲೆಗೇ ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಆನ್‌ಲೈನ್ ಕೌನ್ಸೆಲಿಂಗ್ ಕಟ್ಟಿದರು. ವಿಡಿಯೋ ಕಾಲ್‌ನಲ್ಲಿ ಒಂದೊಂದೇ ಮಗುವಿನ ಜೊತೆ ಹತ್ತು ನಿಮಿಷ ಮಾತು. ಅವರದೊಂದು ನಿಯಮ: "ಮಕ್ಕಳ ತಪ್ಪು ಕೇಳೋ ಮುಂಚೆ ನಿಮ್ದೊಂದು ತಪ್ಪು ಒಪ್ಕೋಬೇಕು. ಆತ್ಮಪರೀಕ್ಷೆ ಅಂದ್ರೆ ಅದೇ ಕಣ್ರೀ."

ನಾನೇನು ಕಡಿಮೆಯೇ? ಸಾರಿಗೆ ಉಪ್ಪು ಜಾಸ್ತಿ ಹಾಕಿದೆ, ಹಾಲು ಉಕ್ಕಿಸಿದೆ ಎಂದು ಅಡುಗೆಮನೆಯ ತಪ್ಪುಗಳನ್ನೇ ಒಪ್ಪಿಕೊಂಡು ಪಾರಾಗುತ್ತಿದ್ದೆ. ಸಿಂಗಟಗೆರೆಯ ರಮ್ಯಳ ಹತ್ತಿರ ಮಾತ್ರ ಅದು ನಡೆಯಲಿಲ್ಲ. ಎಂಟನೇ ಕ್ಲಾಸಿನ ಹುಡುಗಿ, ಎರಡು ಸಲ ಕರೆ ಮಾಡಿದರೂ ತುಟಿ ಬಿಚ್ಚಲಿಲ್ಲ. ಕೊನೆಗೆ ಅವಳ ತಾಯಿಯೇ ಹೇಳಿದರು: "ಸ್ಕೂಲ್ ತೆಗೆದ್ರೂ ಹೋಗಲ್ಲ ಅಂತಾಳೆ ಮಿಸ್. ಬರೆಯೋದೂ ಬಿಟ್ಬಿಟ್ಟವ್ಳೆ."

ಕಾರಣ ನನಗೆ ಗೊತ್ತಿತ್ತು. ಶಾಲೆ ಮುಚ್ಚುವ ವಾರ ಅವಳು ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಮೇಯುವ ದನಗಳ ಮೇಲೆ ಬಲು ಸೊಗಸಾದ ಪ್ರಬಂಧ ಬರೆದು ತಂದಿದ್ದಳು. "ಎಲ್ಲಿಂದ ಕದ್ದೆ?" ಎಂದು ಎಲ್ಲರೆದುರು ಹರಿದುಹಾಕಿದ್ದೆ. ಅವಳ ತಾತ ಆ ಕಾವಲಿನಲ್ಲೇ ದನ ಕಾದವರೆಂದು ಆಮೇಲೆ ತಿಳಿಯಿತು. ತಿಳಿದೂ ಸುಮ್ಮನಿದ್ದೆ. ಮೇಡಂ ಅಲ್ಲವೇ, ಗತ್ತು!

ಮೂರನೇ ಸಲ ಕರೆ ಒತ್ತಿ, ಕಣ್ಣು ಮುಚ್ಚಿ, ಸಾವರಿಸಿಕೊಂಡು ಹೇಳಿಯೇಬಿಟ್ಟೆ: "ರಮ್ಯಾ, ಆ ಪ್ರಬಂಧ ನಿಂದೇ ಕಣೇ. ಹರಿದಿದ್ದು ನನ್ ತಪ್ಪು. ಕ್ಷಮಿಸ್ಬಿಡು."

ಕಣ್ಣು ತೆರೆದರೆ ಪರದೆಯ ಮೇಲೆ ಸಾಲುಸಾಲು ಮುಖಗಳು! ಗಾಬರಿಯಲ್ಲಿ ಒತ್ತಿದ್ದು ತರಗತಿಯ ಗ್ರೂಪನ್ನು. ಒಂದು ಮನೆಯಿಂದ ಅಜ್ಜಿಯೊಬ್ಬರು ಕೂಗಿದರು: "ನಮ್ ಮೊಮ್ಮಗಂಗೂ ದಡ್ಡ ಅಂದಿದ್ರಿ ಕಣವ್ವಾ, ಹಂಗೇ ಅವನ್ಗೂ ಒಂದ್ ತಪ್ಪಾಯ್ತು ಅಂದ್ಬಿಡಿ!" ಅವನಿಗೂ ತಪ್ಪಾಯ್ತು ಅಂದೆ. ಇನ್ನೇನು ಮಾಡಲಿ? ಆ ಮುಖಗಳ ನಡುವೆಯೇ ಇದ್ದ ರಮ್ಯ ಕಿಸಕ್ಕನೆ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಮಿಸ್, ಮತ್ತೆ ಬರ್ಕೊಡ್ಲಾ?"

ನನಗೆ ಅಳು ಬಂದುಬಿಟ್ಟಿತು. ಅದನ್ನೂ ಎಲ್ಲರೂ ನೋಡಿದರು.

ಮುಂಗೋಪವೇನೂ ಹೋಗಿಲ್ಲ. ನಿನ್ನೆ ಮಧ್ಯಾಹ್ನವೇ ಆರನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ವಿಷಯ ವಿಚಾರಿಸದೆ ಬೈದಿದ್ದೆ. ಆ ರಾಗ ಕೇಳಿದ್ದೇ ಅದು ನೆನಪಾಗಿ, ಬಸ್ಸಿನಲ್ಲಿದ್ದಂತೆಯೇ ಅವಳ ಅಮ್ಮನ ಫೋನಿಗೆ ಕರೆ ಮಾಡಿ, ಮಗುವಿಗೆ ಕೊಡಿ ಎಂದೆ. "ತಪ್ಪು ನಂದು ಕಣಮ್ಮಾ" ಎನ್ನುವಷ್ಟರಲ್ಲಿ ಪಕ್ಕದ ಸೀಟಿನವರು ಕಿವಿ ನಿಮಿರಿಸಿದರು. ಕೇಳಲಿ ಬಿಡಿ. ಬೈಯುವಾಗ ತಗ್ಗದ ದನಿಯನ್ನು ಈಗೇಕೆ ತಗ್ಗಿಸಲಿ?